ಮುಲಾಮಿಗೆ ತೀರ್ಪು ಕೊಟ್ಟವರಿಗೆ, ಚೀಟಿ ಬದಲಿಸಿದವನ ಅರಿಕೆ

ಆರೋಗ್ಯ ಸಂಶೋಧನಾ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಕಳ್ಳನೊಬ್ಬ ತಾನಾಗಿ ಠಾಣೆಗೆ ಬಂದು "ಕದ್ದವನು ನಾನು, ಹಿಡಿಯಿರಿ" ಎಂದು ಎದೆ ಬಡಿದುಕೊಂಡು ಕೂಗುತ್ತಿದ್ದಾನೆ. ಠಾಣೆಯವರು "ನಿನ್ನ ಅರ್ಜಿ ತಲುಪಿದೆ, ಪ್ರಕರಣ ಮುಗಿದಿದೆ, ಮನೆಗೆ ಹೋಗಪ್ಪ" ಎನ್ನುತ್ತಿದ್ದಾರೆ. ಇಂಥ ದೃಶ್ಯವನ್ನು ನಾಟಕದಲ್ಲಿ ಆಡಿದರೆ ಮುಂದಿನ ಸಾಲಿನವರು ಎದ್ದು ಹೋದಾರು, ಹಿಂದಿನ ಸಾಲಿನವರು ಶಿಳ್ಳೆ ಹೊಡೆದಾರು. ಆದರೆ ಸ್ವಾಮಿ, ಇದು ನಡೆದಿದೆ. ಕಳ್ಳ ನಾನು. ಠಾಣೆ ತಮ್ಮ ಕಚೇರಿ. ಕದ್ದ ಮಾಲು, ನಲವತ್ತು ಹೆಂಗಸರಿಗೆ ಸಲ್ಲಬೇಕಿದ್ದ ಒಂದು ಉತ್ತರ.

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಬಿರಿದ ಕೈಗಳಿಗೆಂದು ತಾವು ಪರೀಕ್ಷಿಸಿದ ಮುಲಾಮು "ನಿಷ್ಪ್ರಯೋಜಕ" ಎಂದು ಆದೇಶ ಹೊರಡಿಸಿದಿರಿ. ಆ ಪರೀಕ್ಷೆಯನ್ನು ಕೆಡಿಸಿದವನು ನಾನೆಂದು ಮೂರು ಸಲ ಬರೆದೆ. ಮೊದಲ ಎರಡಕ್ಕೆ ಮೌನ. ಮೂರನೆಯದಕ್ಕೆ ಒಂದೂವರೆ ಸಾಲು: "ನಿಮ್ಮ ಪತ್ರವನ್ನು ಗಮನಿಸಲಾಗಿದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ." ಖುದ್ದಾಗಿ ಬಂದೆ. ತಮ್ಮ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಮುಚ್ಚಿದ ಫೈಲು ತೆಗೀಬೇಕು ಅಂದ್ರೆ ಇನ್ನೊಂದು ಫೈಲು ತೆಗೀಬೇಕು. ಅದನ್ನ ತೆಗೆಯೋಕೆ ಸಾಹೇಬ್ರು ಹೇಳ್ಬೇಕು. ಸಾಹೇಬ್ರು ಈ ಫೈಲು ಮುಚ್ಚಿದ್ದಾರೆ" ಎಂದರು. ಇಷ್ಟು ದುಂಡಗಿನ ಮಾತನ್ನು ನಾನು ರಂಗದ ಮೇಲೂ ಕೇಳಿರಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಬಟ್ಟೆ ವಿಭಾಗದ ಮೇಸ್ತ್ರಿ. ನನ್ನಪ್ಪ ನಾಟಕ ಕಂಪನಿಯೊಂದರಲ್ಲಿ ಪಕ್ಕದ ಪರದೆಯ ಹಿಂದೆ ನಿಂತು, ಮಾತು ಮರೆತ ರಾಜರಿಗೂ ರಾಣಿಯರಿಗೂ ಪಿಸುದನಿಯಲ್ಲಿ ಮಾತು ಎತ್ತಿಕೊಡುತ್ತಿದ್ದವರು. ಬಣ್ಣದ ಪೆಟ್ಟಿಗೆಗಳ ನಡುವೆ ಮಲಗಿ ಬೆಳೆದವನು ನಾನು. ಅಪ್ಪ ಹೇಳುತ್ತಿದ್ದರು: "ಮಗಾ, ಎತ್ತಿಕೊಡೋನಿಗೆ ಒಂದೇ ನಿಯಮ. ಪುಸ್ತಕದಲ್ಲಿ ಇದ್ದದ್ದನ್ನ ಹೇಳು. ನಿನ್ನ ಮನಸ್ಸಲ್ಲಿ ಇದ್ದದ್ದನ್ನ ಹೇಳಿದ್ಯೋ, ನಾಟಕ ಹಾಳು." ಆ ಮಾತನ್ನು ನಾನು ಐವತ್ತು ವರ್ಷ ಕಿವಿಯಲ್ಲಿಟ್ಟುಕೊಂಡು ಓಡಾಡಿದೆ. ಬೇಕಾದ ದಿನ ಅದು ಕಿವಿಯಲ್ಲೇ ಉಳಿಯಿತು, ಕೈಗೆ ಇಳಿಯಲಿಲ್ಲ.

ನಮ್ಮ ವಿಭಾಗ ತಾವು ನೋಡಿಲ್ಲ. ಉದ್ದನೆಯ ಕೋಣೆ, ಎಂಟು ಸಿಮೆಂಟಿನ ತೊಟ್ಟಿ, ಗೋಡೆಯ ತುಂಬ ಬೆವರಿಟ್ಟಂತೆ ಹಬೆ. ಯಂತ್ರಗಳು ಎರಡಿವೆ, ಆದರೆ ರಕ್ತ, ಕೀವು ಅಂಟಿದ ಬಟ್ಟೆಯನ್ನು ಯಂತ್ರಕ್ಕೆ ಹಾಕುವ ಮುನ್ನ ಕೈಯಿಂದಲೇ ತಿಕ್ಕಬೇಕು. ಸೋಡಾ, ಬಿಳುಪಿನ ಪುಡಿ, ಬಿಸಿನೀರು. ಮೂರು ತಿಂಗಳಿಗೆ ಬೆರಳ ಸಂದು ಬಿರಿಯುತ್ತದೆ, ಆರು ತಿಂಗಳಿಗೆ ಅಂಗೈ ಒಣಗಿದ ಕೆರೆಯ ತಳದಂತಾಗುತ್ತದೆ. ನನ್ನ ಅಕ್ಕ ಅಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಅವಳು ಉಪ್ಪನ್ನು ಬೆರಳಿನಿಂದ ಮುಟ್ಟಲಾರಳು, ಚಮಚೆಯಲ್ಲಿ ಎತ್ತುತ್ತಾಳೆ. ರವಿಕೆಯ ಗುಂಡಿ ಹಾಕಲು ಮಗಳನ್ನು ಕರೆಯುತ್ತಾಳೆ.

ಇಂಥಲ್ಲಿಗೆ ತಮ್ಮ ಮುಲಾಮು ಬಂತು, ಅದರ ಜೊತೆ ಕೈಗಳನ್ನು ನೋಡಿ ಅಂಕ ಹಾಕಲು ಒಬ್ಬರು ಎಳೆಯ ಡಾಕ್ಟ್ರಮ್ಮ ಬಂದರು. ಹುಣ್ಣೇ ಇಲ್ಲದ ಕೈಗೆ ಸೊನ್ನೆ, ಹರಿದು ರಕ್ತ ಒಸರುವ ಕೈಗೆ ಹತ್ತು. ನಲವತ್ತು ಹೆಂಗಸರು, ನಲವತ್ತು ಪೆಟ್ಟಿಗೆ. ಇಪ್ಪತ್ತರಲ್ಲಿ ಮದ್ದು, ಇಪ್ಪತ್ತರಲ್ಲಿ ಮದ್ದಿಲ್ಲದ ಬರಿಯ ಜಿಡ್ಡು. ಯಾವುದು ಯಾವುದೆಂದು ಹಚ್ಚಿಕೊಳ್ಳುವವರಿಗೂ ಗೊತ್ತಿರಬಾರದು, ಅಂಕ ಹಾಕುವವರಿಗೂ ಗೊತ್ತಿರಬಾರದು. ಹೆಂಗಸರೆಲ್ಲ ಒಪ್ಪಿ ಸಹಿ ಹಾಕಿದರು. ಪ್ರತಿಯೊಬ್ಬರ ಹೆಸರಿಗೂ ಡಬ್ಬಿಯಿಂದ ಒಂದು ಚೀಟಿ ಎತ್ತಿ, ಅದರಲ್ಲಿದ್ದ ಸಂಖ್ಯೆಯ ಪೆಟ್ಟಿಗೆಯನ್ನು ಅವರಿಗೆ ಕೊಡಬೇಕು.

ನಾನು ಕೇಳಿದೆ: "ಡಾಕ್ಟ್ರಮ್ಮಾ, ಚೀಟಿ ಯಾಕೆ? ಯಾರ ಕೈ ಹೆಚ್ಚು ಕೆಟ್ಟಿದೆಯೋ ಅವರಿಗೆ ಮದ್ದು ಕೊಟ್ರಾಯ್ತಲ್ಲ?"

ಆಕೆ ಹೇಳಿದರು: "ಹಾಗೆ ಕೊಟ್ರೆ, ಕೊನೇಲಿ ಯಾರ ಕೈ ಹೇಗಿದೆ ಅಂತ ನೋಡ್ದಾಗ ಅದು ಮದ್ದಿನ ಗುಣವೋ, ನಾವು ಆರಿಸಿದ್ದರ ಗುಣವೋ ಅಂತ ಗೊತ್ತಾಗಲ್ಲ ಮೇಸ್ತ್ರಿಗಳೇ. ಚೀಟಿಗೆ ಅಕ್ಕ ಇಲ್ಲ, ತಂಗಿ ಇಲ್ಲ. ಅದಕ್ಕೇ ಚೀಟಿ."

ಅರ್ಧ ಗಂಟೆಯ ಪಾಠ. ತಲೆಯಾಡಿಸಿದೆ. ತಲೆಯಾಡಿಸುವುದು ಎಷ್ಟು ಸುಲಭ, ಸ್ವಾಮಿ! ಬಳಿಕ ತಮ್ಮ ಕಚೇರಿಯ ಸೂಚನೆ ಬಂತು: ಹೆಂಗಸರು ಕೆಲಸ ಬಿಟ್ಟು ಬರುವುದು ಬೇಡ, ಚೀಟಿಗಳನ್ನು ಮೇಸ್ತ್ರಿಯೇ ಎತ್ತಲಿ. ಒಂದು ಡಬ್ಬಿ, ಒಂದು ಕೋಣೆ, ಒಬ್ಬನೇ ಮನುಷ್ಯ, ಸಾಕ್ಷಿಗೆ ಒಂದು ನೊಣವೂ ಇಲ್ಲ. ಬೆಕ್ಕಿನ ಮುಂದೆ ಹಾಲಿಟ್ಟು ಬಾಗಿಲು ಹಾಕಿಕೊಂಡು ಹೋದ ತಮ್ಮ ವ್ಯವಸ್ಥೆಗೆ ನಮಸ್ಕಾರ. ಇನ್ನೂ ಒಂದು ನಮಸ್ಕಾರ ಬಾಕಿ ಇದೆ: ಮದ್ದಿಗೆ ಕರ್ಪೂರ ಬೆರೆಸಿದಂಥ ಘಾಟು ಇತ್ತು, ಬರಿಯ ಜಿಡ್ಡಿಗೆ ಯಾವ ವಾಸನೆಯೂ ಇರಲಿಲ್ಲ. ಕಣ್ಣು ಕಟ್ಟಿದಿರಿ, ಮೂಗು ಮರೆತಿರಿ. ಬಣ್ಣದ ಕೋಣೆಯಲ್ಲಿ ಬೆಳೆದ ಮೂಗಿದು. ಪೆಟ್ಟಿಗೆಯ ಮುಚ್ಚಳ ಸಡಿಲಿಸಿದರೆ ಸಾಕಿತ್ತು.

ಹಾಗೆಂದು ತಪ್ಪನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಬಾಗಿಲು ತೆರೆದಿತ್ತು ಎನ್ನುವುದು ಕಳ್ಳನ ವಕೀಲ ಹೇಳುವ ಮಾತು. ಒಳಗೆ ಹೋದ ಕಾಲು ನನ್ನದು.

ಅಕ್ಕನ ಹೆಸರಿಗೆ ಚೀಟಿ ಎತ್ತಿದೆ. ಹದಿನೇಳು. ಹದಿನೇಳನೆಯ ಪೆಟ್ಟಿಗೆ ತೆರೆದು ಮೂಸಿದೆ. ವಾಸನೆ ಇಲ್ಲ. ಕಿಟಕಿಯ ಗಾಜಿನಾಚೆ ಅಕ್ಕ ತೊಟ್ಟಿಯ ಮೇಲೆ ಬಾಗಿ, ನೋವಾಗದಂತೆ ಮುಂಗೈಯಿಂದ ಹಾಸುಬಟ್ಟೆ ಒತ್ತುತ್ತಿದ್ದಳು. ಚೀಟಿಯನ್ನು ಮಡಿಸಿ ಡಬ್ಬಿಗೆ ಹಾಕಿದೆ. ಮತ್ತೊಂದು ಎತ್ತಿದೆ. ಮೂಸಿದೆ. ಘಾಟು! ಅಕ್ಕನ ಹೆಸರು ಬರೆದೆ.

ಅಲ್ಲಿಗೆ ನಿಂತಿದ್ದರೆ ಒಬ್ಬಳ ತಮ್ಮ ಎನಿಸಿಕೊಳ್ಳುತ್ತಿದ್ದೆ. ಆದರೆ ಅಕ್ಕನಿಗೆ ಮಾಡಿದ ಮೇಲೆ ಅವಳ ಪಕ್ಕದಲ್ಲಿ ನಿಲ್ಲುವ ವಿಧವೆ ಅತ್ತಿಗೆಗೆ ಮಾಡದಿರುವುದು ಹೇಗೆ? ಅವಳಿಗೆ ಮಾಡಿದ ಮೇಲೆ ಮೊಲೆಯುಣ್ಣುವ ಕೂಸಿನ ತಾಯಿಗೆ? ಸಂಜೆಯ ಗಂಟೆ ಹೊಡೆಯುವಷ್ಟರಲ್ಲಿ ನಾನು ನಲವತ್ತು ಹಣೆಬರಹ ಬರೆದು ಮುಗಿಸಿದ್ದೆ. ಅತಿ ಕೆಟ್ಟ ಇಪ್ಪತ್ತು ಜೋಡಿ ಕೈಗಳಲ್ಲಿ ಹದಿನೆಂಟಕ್ಕೆ ಮದ್ದು. ಉಳಿದ ಎರಡು? ಅದನ್ನು ಹಿಂದಿನ ಮೂರು ಪತ್ರಗಳಲ್ಲಿ ಬರೆದಿರಲಿಲ್ಲ, ನಾಚಿಕೆಯಾಗಿತ್ತು. ಆ ಇಬ್ಬರು ನನ್ನೊಡನೆ ಜಗಳವಾಡಿದ್ದವರು. ಒಬ್ಬಳನ್ನು ನಾವೆಲ್ಲ 'ರೇಡಿಯೋ' ಎನ್ನುತ್ತೇವೆ, ಬಾಯಿಗೆ ಬಿಡುವಿಲ್ಲ. ಹಿಂದಿನ ವಾರವಷ್ಟೇ ಎಲ್ಲರೆದುರು ನನ್ನ ಹೊಟ್ಟೆಯನ್ನು ನೆನೆಸಿದ ಬಟ್ಟೆಯ ಗಂಟಿಗೆ ಹೋಲಿಸಿದ್ದಳು. ಅವಳಿಗೆ ಮೊದಲ ಸಲ ಎತ್ತಿದ ಚೀಟಿಯಲ್ಲಿ ಘಾಟಿನ ಪೆಟ್ಟಿಗೆಯೇ ಬಂದಿತ್ತು. ಅದನ್ನು ಬದಲಿಸಿದೆ. ಕರುಣೆಯೆಂಬ ಕಿರೀಟ ತೊಟ್ಟು ಸಿಂಹಾಸನ ಏರಿದವನ ಜೇಬಿನಲ್ಲಿ ಹಗೆಯೂ ಇತ್ತು ಎಂದು ತಮಗೆ ತಿಳಿದಿರಲಿ.

ಮೂರನೆಯ ವಾರ ಇನ್ನೊಂದು ದಯೆ ತೋರಿದೆ. ಅಕ್ಕನನ್ನು ತೊಟ್ಟಿಯಿಂದ ಬಿಡಿಸಿ, ಒಣಗಿದ ಬಟ್ಟೆ ಮಡಿಸುವ ಮೇಜಿಗೆ ಹಾಕಿದೆ.

ಎಂಟು ವಾರ ಕಳೆದವು. ಎಷ್ಟು ಜನರ ಕೈ ಪೂರ್ತಿ ವಾಸಿಯಾಯಿತೆಂದು ತಾವು ಎಣಿಸಿದಿರಿ. ಮದ್ದಿನ ಸಾಲಿನಲ್ಲಿ ನಾಲ್ವರು, ಬರಿಯ ಜಿಡ್ಡಿನ ಸಾಲಿನಲ್ಲಿ ಹನ್ನೊಂದು. ತೀರ್ಪು! ತುತ್ತೂರಿ! "ಮುಲಾಮು ನಿಷ್ಪ್ರಯೋಜಕ. ಉಳಿದ ಪೆಟ್ಟಿಗೆಗಳನ್ನು ಹಿಂಪಡೆಯತಕ್ಕದ್ದು. ಕೈಗಳ ಸ್ವಚ್ಛತೆ ಕಾಪಾಡಿಕೊಳ್ಳುವಂತೆ ಕೆಲಸಗಾರರಿಗೆ ತಿಳಿಹೇಳತಕ್ಕದ್ದು." ದಿನಕ್ಕೆ ಎಂಟು ಗಂಟೆ ಸೋಪಿನಲ್ಲಿ ಕೈ ಅದ್ದುವವರಿಗೆ ಕೈ ತೊಳೆದುಕೊಳ್ಳಿ ಎಂದು ಬುದ್ಧಿ ಹೇಳಿದ ಮೊದಲ ಕಚೇರಿ ತಮ್ಮದೇ ಇರಬೇಕು.

ಮಾನ್ಯರೇ, ಓಟದ ಪಂದ್ಯದಲ್ಲಿ ಒಬ್ಬನನ್ನು ಗೆರೆಯ ಬಳಿ ನಿಲ್ಲಿಸಿ, ಇನ್ನೊಬ್ಬನನ್ನು ಬಾವಿಯ ತಳದಲ್ಲಿ ನಿಲ್ಲಿಸಿ, ಕೊನೆಗೆ ಯಾರು ಮೊದಲು ಬಂದರೆಂದು ಮಾತ್ರ ನೋಡುವವರು ಉಂಟೇ? ಮೊದಲ ದಿನದ ಅಂಕಗಳು ತಮ್ಮ ಹಾಳೆಯಲ್ಲೇ ಇದ್ದವು. ಮದ್ದಿನ ಸಾಲಿನಲ್ಲಿ ಎಂಟು, ಒಂಬತ್ತು, ಎಂಟು. ಜಿಡ್ಡಿನ ಸಾಲಿನಲ್ಲಿ ಮೂರು, ನಾಲ್ಕು, ಮೂರು. ಕುರುಡು ಚೀಟಿ ಹೀಗೆ ಕೆಟ್ಟ ಕೈಗಳನ್ನೆಲ್ಲ ಗುಡಿಸಿ ಒಂದೇ ಮೂಲೆಗೆ ಹಾಕೀತೇ? ಆ ಒಂದು ಅಂಕಣದ ಮೇಲೆ ಬೆರಳಾಡಿಸಿದ್ದರೆ ಅಂದೇ ನನ್ನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಯಾಕೆ? ಉತ್ತರವೊಂದು ಸಿಕ್ಕಿತ್ತು, ಕಡತಕ್ಕೆ ದಾರ ಕಟ್ಟಬಹುದಿತ್ತು. ನಾನು ಕರುಣೆಗೆ ಸೋತೆ, ತಾವು ಆತುರಕ್ಕೆ ಸೋತಿರಿ. ನಮ್ಮಿಬ್ಬರ ನಡುವೆ ಪಾಪ ಆ ಮುಲಾಮು, ಬಾಯಿಲ್ಲದ್ದು.

ಆದೇಶ ಓದಿದ ದಿನವೇ ಡಾಕ್ಟ್ರಮ್ಮನ ಬಳಿ ಓಡಿದೆ. ಎಲ್ಲವನ್ನೂ ಒದರಿದೆ. ಅಷ್ಟಕ್ಕೇ ನಿಲ್ಲಲಿಲ್ಲ, ಸಾಕ್ಷಿಯನ್ನೂ ತಂದಿದ್ದೆ. "ಆದ್ರೆ ಮದ್ದು ಕೆಲಸ ಮಾಡುತ್ತೆ ಡಾಕ್ಟ್ರಮ್ಮಾ! ನಮ್ಮಕ್ಕನ್ನೇ ನೋಡಿ. ಒಂಬತ್ತು ಇದ್ದದ್ದು ಮೂರಕ್ಕೆ ಬಂದಿದೆ!"

"ಅವರು ತೊಟ್ಟಿ ಹತ್ರ ಕಾಣಲಿಲ್ಲ ಮೊನ್ನೆ?"

"ಮೂರನೇ ವಾರದಿಂದ ಮಡಿಸೋ ಮೇಜಿಗೆ ಹಾಕಿದೀನಿ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ನೀವೇ ಹೇಳಿ ಮೇಸ್ತ್ರಿಗಳೇ. ಕೈ ವಾಸಿ ಮಾಡಿದ್ದು ಮದ್ದಾ, ಮೇಜಾ?"

ಮದ್ದು ಕೊಟ್ಟದ್ದು ನಾನು, ನೀರಿನಿಂದ ತೆಗೆದದ್ದೂ ನಾನು. ಎರಡನ್ನೂ ಒಟ್ಟಿಗೆ ಮಾಡಿ ಒಂದಕ್ಕೆ ಹಾರ ಹಾಕಲು ಹೊರಟಿದ್ದೆ. "ನನಗೆ ಗೊತ್ತಿಲ್ಲ" ಎಂದೆ. ಆ ಮದ್ದಿನ ಬಗ್ಗೆ ಎರಡು ತಿಂಗಳಲ್ಲಿ ನಾನಾಡಿದ ಮೊದಲ ನಿಜ ಅದು. ತಮ್ಮ "ನಿಷ್ಪ್ರಯೋಜಕ"ವೂ ಸುಳ್ಳು, ನನ್ನ "ಕೆಲಸ ಮಾಡುತ್ತೆ"ಯೂ ಸುಳ್ಳು. ಮುಲಾಮಿಗೆ ಗುಣ ಇದೆಯೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ತೊಟ್ಟಿಗಳ ಮಧ್ಯೆ ನಿಂತು ಹೆಂಗಸರಿಗೆ ಹೇಳಿದೆ. ಯಂತ್ರಗಳೆರಡೂ ನಿಂತಿದ್ದವು. ರೇಡಿಯೋ ತನ್ನೆರಡು ಕೈಗಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಏನ್ರೀ ಮೇಸ್ತ್ರಿ, ನನ್ನ ಕೈ ಕಣ್ಣಿಗೆ ಬೀಳಲಿಲ್ವಾ? ಬಾಯಿ ಮಾತ್ರ ಬಿತ್ತಾ?"

"ಬಿತ್ತಮ್ಮ. ತಪ್ಪಾಯ್ತು."

"ಎಂಟು ವಾರ ಶ್ರದ್ಧೆಯಿಂದ ಹಚ್ಚಿದೀನಿ ಕಣ್ರೀ. ಆ ಡಾಕ್ಟ್ರಮ್ಮ ಬಂದಾಗೆಲ್ಲ, ಸ್ವಲ್ಪ ಪರವಾಗಿಲ್ಲ ಅಂತ ಹೇಳಿದೀನಿ, ಪಾಪ, ಬೇಜಾರಾಗ್ಬಾರ್ದು ಅಂತ!"

ಯಾರೋ ಕಿಸಕ್ಕೆಂದರು. ಎಲ್ಲರೂ ಅಕ್ಕನನ್ನು ನೋಡುತ್ತಿದ್ದರು. ಅವಳು ಮಡಿಸುತ್ತಿದ್ದ ದಿಂಬಿನ ಚೀಲವನ್ನು ಮೇಜಿನ ಮೇಲೆ ಇಟ್ಟು ನನ್ನ ಹತ್ತಿರ ಬಂದಳು.

"ನಾನು ಕೇಳಿದ್ನೇನೋ?"

"ಇಲ್ಲಕ್ಕ."

"ನಲವತ್ತು ಜೋಡಿ ಕೈ ಇತ್ತು. ನಿನಗೆ ಮೊದಲು ಕಂಡದ್ದು ನನ್ನದು. ಆ ಮುಲಾಮು ಒಳ್ಳೇದೋ ಕೆಟ್ಟದ್ದೋ ಗೊತ್ತಾಗಿದ್ರೆ ನಾಳೆ ನನ್ನ ಮಗಳು ಇಲ್ಲಿಗೆ ಬಂದ್ರೂ ಅವಳಿಗೆ ಆಗೋದು. ನೀನು ನನಗೆ ಕೊಟ್ಟು, ಅವಳ ಹತ್ರ ಕಿತ್ಕೊಂಡೆ." ಎಂದವಳೇ ಸೀರೆ ಎತ್ತಿ ಕಟ್ಟಿ, ಸೀದಾ ತನ್ನ ಹಳೆಯ ತೊಟ್ಟಿಗೆ ಹೋಗಿ ನಿಂತಳು. "ನನ್ನ ಜಾಗ ಇದು. ಮಡಿಸೋ ಮೇಜಿಗೆ ರೇಡಿಯೋನ ಹಾಕು."

ಐದು ವಾರವಾಯಿತು. ಅಕ್ಕನ ಕೈ ಮತ್ತೆ ಬಿರಿದಿದೆ. ಮುಲಾಮು ನಿಂತದ್ದಕ್ಕೋ, ತೊಟ್ಟಿಗೆ ಮರಳಿದ್ದಕ್ಕೋ? ಮತ್ತೆ ಎರಡೂ ಒಟ್ಟಿಗೆ ಆಗಿವೆ, ಮತ್ತೆ ಗೊತ್ತಿಲ್ಲ. ಉಪ್ಪಿನ ಚಮಚೆ ಡಬ್ಬಿಯೊಳಕ್ಕೆ ವಾಪಸು ಬಂದಿದೆ. ನಾನು ಊಟಕ್ಕೆ ಹೋದರೆ ಅವಳು ಬಡಿಸುತ್ತಾಳೆ, ಮಾತಾಡುವುದಿಲ್ಲ.

ಆದುದರಿಂದ ಸ್ವಾಮಿ, ಗಂಟಲು ಹರಿಯುವಂತೆ ಕೇಳುತ್ತಿದ್ದೇನೆ. ಆ ತೀರ್ಪನ್ನು ಹಿಂದಕ್ಕೆ ಪಡೆಯಿರಿ, ಅದರ ಜಾಗದಲ್ಲಿ "ನಮಗೆ ಗೊತ್ತಿಲ್ಲ" ಎಂದು ಬರೆಯಿರಿ. ಬರೆದರೆ ತಮ್ಮ ಕುರ್ಚಿಯ ಕಾಲು ಮುರಿಯುವುದಿಲ್ಲ. ಪರೀಕ್ಷೆಯನ್ನು ಮೊದಲಿಂದ ಮಾಡಿಸಿ. ಎರಡು ಮುಲಾಮಿಗೂ ಒಂದೇ ಘಾಟು ಬರಲಿ. ತೊಟ್ಟಿಯವರು ಮುಗಿಯುವವರೆಗೆ ತೊಟ್ಟಿಯಲ್ಲೇ, ಮೇಜಿನವರು ಮೇಜಿನಲ್ಲೇ ಇರಲಿ. ಮೊದಲ ದಿನದ ಅಂಕವನ್ನು ಕೊನೆಯ ದಿನದ ಅಂಕದ ಪಕ್ಕದಲ್ಲಿಟ್ಟು ಓದುವ ಒಬ್ಬರನ್ನು ನೇಮಿಸಿ. ಮದ್ದು ಸೋತರೆ ಸೋಲಲಿ, ನಿಜವಾಗಿ ಸೋಲಲಿ. ನನಗೆ ಕೊಡುವ ಶಿಕ್ಷೆಯನ್ನು ಇದಕ್ಕೆ ಗಂಟು ಹಾಕಬೇಡಿ. ಅದನ್ನು ಬೇರೆ ಕಾಗದದಲ್ಲಿ ಕಳಿಸಿ, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ.

ಚೀಟಿಗಳನ್ನು ಮಾತ್ರ ಹೆಂಗಸರೇ ಎತ್ತಲಿ, ಎಲ್ಲರೆದುರು, ಅವರವರ ಕೈಯಾರೆ. ಇದು ನನ್ನ ಬೇಡಿಕೆಯಲ್ಲ, ಅಕ್ಕನದು. ಈ ಪತ್ರವನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ಐದು ವಾರದ ಮೇಲೆ ಬಾಯಿ ಬಿಟ್ಟಳು: "ಮೊದಲ ಚೀಟಿ ನಾನು ಎತ್ತೀನಿ ಅಂತ ಬರಿ. ಜಿಡ್ಡು ಬಂದ್ರೆ ಜಿಡ್ಡೇ ಹಚ್ಕೋತೀನಿ ಅಂತ್ಲೂ ಬರಿ." ಮತ್ತೆ ಕೇಳಿದಳು: "ಆವಾಗ ನೀನೆಲ್ಲಿರ್ತೀಯ?"

ಹಿಂದಿನ ಅಂಗಳದಲ್ಲಿ, ಒಣಹಾಕಿದ ಹಾಸುಬಟ್ಟೆಗಳ ಆಚೆ, ಕೋಣೆಗೆ ಬೆನ್ನು ಹಾಕಿ ನಿಂತಿರುತ್ತೇನೆ ಎಂದೆ.

"ಮೂಗಿಗೂ ಬಟ್ಟೆ ಕಟ್ಕೋ" ಎಂದಳು.

ಕಟ್ಟಿಕೊಳ್ಳುತ್ತೇನೆ. ದಿನ ಗೊತ್ತುಮಾಡಿ.

ಇಂತಿ,
ಪುಸ್ತಕದಲ್ಲಿ ಇಲ್ಲದ ಮಾತನ್ನು ಎತ್ತಿಕೊಟ್ಟು ಆಟ ಕೆಡಿಸಿದ,
ಡಬ್ಬಿಯೊಳಗೆ ಕೈಹಾಕುವ ಯೋಗ್ಯತೆ ಕಳೆದುಕೊಂಡ,
ಬಟ್ಟೆ ವಿಭಾಗದ ಮೇಸ್ತ್ರಿ