ಕಂಬದಿನ್ನಿಯ ಶಾಲೆಗೆ ಇವತ್ತು ಅತಿಥಿಗಳಿಲ್ಲ

ಕಂಬದಿನ್ನಿ,
ಫೆಬ್ರವರಿ ಮೂವತ್ತು, 2143

ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಸರ್ಕಾರಿ ಶಾಲೆಗಳ ಸಮಿತಿಗಳಲ್ಲಿ ಕೂತ ಅಧ್ಯಕ್ಷರಿಗೂ ಸದಸ್ಯರಿಗೂ, ಇನ್ನೂ ಹುಟ್ಟದ ನಿಂಬೆವ್ವ ತಳಗೇರಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ತಿಂಗಳುಗಳ ಏರುಪೇರನ್ನು ನಮ್ಮ ಹಿರಿಯರು ಸರಿಪಡಿಸಿ ಎಲ್ಲಕ್ಕೂ ಮೂವತ್ತು ದಿನ ಹಂಚಿದ್ದಾರೆ. ಮಿಕ್ಕ ದಿನಗಳು ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದೆ ರಜೆಯಾಗಿ ನಿಲ್ಲುತ್ತವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಡ್ಡೊಡ್ಡಾಗಿ ಕೇಳಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಬದುಕಿನಲ್ಲಿ ಒಬ್ಬರಿಗೆ ಒಂದೇ ಕಾಗದ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೈತಪ್ಪಿದ ಪ್ರೀತಿಗೆ ಬರೆಯುತ್ತಾರೆ. ನಾನು ನನ್ನ ಒಂದೇ ಒಂದು ಕಾಗದವನ್ನು ಶಾಲಾ ಸಮಿತಿಯವರಿಗೆ ಬರೆಯಲು ಕೂತಿದ್ದೇನೆಂದರೆ ನನಗೆ ಎಷ್ಟು ಸಿಟ್ಟು ಬಂದಿರಬೇಕು ಎಂದು ನೀವೇ ತಿಳಿದುಕೊಳ್ಳಿ.

ಕಂಬದಿನ್ನಿ ಎಂಬ ಊರು ನಿಮ್ಮ ಕಾಲದಲ್ಲಿ ಇರಲಿಲ್ಲ. ಗದಗಿನ ಆಚೆಯ ಬೋಳು ದಿನ್ನೆಗಳ ಮೇಲೆ ನೀವು ಗಾಳಿಯಂತ್ರ ನಿಲ್ಲಿಸಿ ಮನೆಗೆ ಹೋದಿರಿ. ಅವು ಮುಪ್ಪಾದಾಗ ರಿಪೇರಿಗೆಂದು ಬಂದ ಮಂದಿ ಅಲ್ಲೇ ಉಳಿದರು, ಊರಾಯಿತು. ಯಂತ್ರದ ಸವೆದ ರೆಕ್ಕೆಗಳನ್ನು ಕೊಯ್ದು, ಮೆತ್ತಿ, ಹೊಸದು ಮಾಡುವ ಕಾರ್ಖಾನೆಗೆ ನಾವು ರೆಕ್ಕೆಮನೆ ಎನ್ನುತ್ತೇವೆ. ಊರಿನ ಹೆಂಗಸರಲ್ಲಿ ಮುಕ್ಕಾಲು ಪಾಲು ದುಡಿಯುವುದು ಅಲ್ಲಿಯೇ. ಕೆಲಸಕ್ಕೆ ಬಾರದ ರೆಕ್ಕೆಯನ್ನೂ ನಾವು ಬಿಸಾಡುವುದಿಲ್ಲ. ನಮ್ಮ ಬಸ್ ನಿಲ್ದಾಣಕ್ಕೆ ಅದರ ನೆರಳಿದೆ, ದನಗಳು ಅದರ ದೋಣಿಯಲ್ಲಿ ನೀರು ಕುಡಿಯುತ್ತವೆ, ಶಾಲೆಯ ಚಾವಣಿ ಒಂದೇ ಉದ್ದನೆಯ ರೆಕ್ಕೆ. ಗಾಳಿ ಬೀಸಿದಾಗ ಅದು ಸಣ್ಣಗೆ ಗುಂಯ್ಗುಡುತ್ತದೆ. ಹೊಸ ಮಾಸ್ತರರಿಗೆ ತಲೆನೋವು ಬರುತ್ತದೆ, ಮಕ್ಕಳಿಗೆ ಅದರ ಪರಿವೆಯೇ ಇಲ್ಲ. ಕಂಬಗಳಿಗೆ ಕಟ್ಟಿದ ಬಲೆಗಳಲ್ಲಿ ಇಬ್ಬನಿ ಹಿಡಿದು ಇಳಿಸುವ ನೀರಿಗೆ ಬಲೆನೀರು ಎಂದು ಹೆಸರು. ಮಕ್ಕಳು ಊಟವಾದ ಮೇಲೆ ತಮ್ಮ ತಾಟನ್ನು ಆ ನೀರಿನಲ್ಲಿ ತಾವೇ ತೊಳೆಯುತ್ತಾರೆ, ಒಬ್ಬರ ಮೇಲೊಬ್ಬರು ಎರಚಿಕೊಂಡು ಬೈಸಿಕೊಳ್ಳುತ್ತಾರೆ. ಇಷ್ಟರಮಟ್ಟಿಗೆ ಅವರು ನಿಮ್ಮ ಮಕ್ಕಳಂತೆಯೇ ಇದ್ದಾರೆ.

ನನ್ನ ಅಜ್ಜಿಯ ಕಾಲದಲ್ಲಿ ಈ ಶಾಲೆ ಖಾಲಿಯಾಗುತ್ತ ಬಂದಿತ್ತು. ಒಂದೊಂದೇ ಮನೆಯವರು ಮಕ್ಕಳ ಟೀಸಿ ತೆಗೆಸಿಕೊಂಡು ದಿನ್ನೆಯ ಕೆಳಗಿನ ಖಾಸಗಿ ಶಾಲೆಗೆ ಹಾಕುತ್ತಿದ್ದರು. ಆಗಿನ ಸಮಿತಿಯವರು ನಿಮ್ಮ ಹಾದಿಯಲ್ಲೇ ನಡೆದವರು. ಯಾಕೆ ಹೋಗುತ್ತಿದ್ದಾರೆ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರು, ಉತ್ತರವನ್ನೂ ತಾವೇ ಹೇಳಿಕೊಂಡರು. ಮಂದಿಗೆ ಇಂಗ್ಲಿಷಿನ ಹುಚ್ಚು ಎಂದರು ಒಬ್ಬರು, ಟೈ-ಬೂಟಿನ ಹುಚ್ಚು ಎಂದರು ಇನ್ನೊಬ್ಬರು. ಇಂಗ್ಲಿಷ್ ಬೋರ್ಡು ಬಂತು, ಬೂಟು ಬಂದವು, ಗೋಡೆಗೆ ಬಣ್ಣ ಬಂತು, ದಾನಿಗಳ ಹೆಸರು ಕೆತ್ತಿದ ಕಮಾನು ಎದ್ದಿತು. ಮಕ್ಕಳು ಆ ಕಮಾನಿನ ಕೆಳಗೇ ಹಾಯ್ದು ಹೊರಗೆ ಹೋದರು. ಕೊನೆಗೆ ರೆಕ್ಕೆಮನೆಯಲ್ಲಿ ದುಡಿಯುವ ಸೋಮವ್ವ ಎಂಬ ತಾಯಿ ಟೀಸಿ ಕೇಳಲು ಬಂದಾಗ, "ಎಲ್ಲಾ ಮಾಡೀವಲ್ಲವ್ವಾ, ಇನ್ನೇನು ಬೇಕು ನಿನಗ?" ಎಂದು ಅಧ್ಯಕ್ಷರು ಗದರಿದರಂತೆ. ಅವಳು ನಕ್ಕುಬಿಟ್ಟಳಂತೆ. "ನನ್ನ ಪಾಳಿ ಎಂಟಕ್ಕರೀ, ನಿಮ್ಮ ಗೇಟು ತಗಿಯೂದು ಹತ್ತಕ್ಕ. ನಡುವ ಕೂಸನ್ನ ಎಲ್ಲಿಡ್ಲಿ? ಆ ಶಾಲಿ ವ್ಯಾನು ಏಳೂವರಿಗೆ ಬಾಗಿಲಿಗೇ ಬರತೈತಿ. ಇಂಗ್ಲಿಷು ತಗೊಂಡು ನಾ ಏನ್ ಮಾಡ್ಲಿ?"

ಅಷ್ಟೇ ಇದ್ದದ್ದು. ಊರಿನ ಅರ್ಧದಷ್ಟು ತಾಯಂದಿರ ಕಾರಣ ಅದೇ ಆಗಿತ್ತು. ಅಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ, ಕೇಳಿದವರು ಬಾಯಿ ತೆರೆಯಲು ಬಿಟ್ಟಿರಲಿಲ್ಲ. ಮರುದಿನದಿಂದ ಬೆಳಕು ಹರಿಯುತ್ತಲೇ ಗೇಟು ತೆರೆಯಿತು, ಒಳಗೆ ಬಿಸಿ ರೊಟ್ಟಿ ಪಲ್ಯ ಇತ್ತು, ಆಟ ಆಡಿಸಲು ಒಬ್ಬ ಅಕ್ಕ ಇದ್ದಳು. ಹೋದವರು ಮೆಲ್ಲಗೆ ತಿರುಗಿ ಬಂದರು. ಆ ಅಧ್ಯಕ್ಷರಿಗೆ ನಾಚಿಕೆಯಾಗಿ ಸಮಿತಿಯನ್ನೇ ಬಿಟ್ಟರೆಂದು ಹೇಳುತ್ತಾರೆ. ನಾನು ನಂಬುವುದಿಲ್ಲ, ಅಧ್ಯಕ್ಷರಿಗೆ ನಾಚಿಕೆ ಅಷ್ಟು ಸುಲಭಕ್ಕೆ ಆಗುವುದಿಲ್ಲ ಎಂದು ನನಗೆ ಸ್ವಂತ ಅನುಭವದಿಂದ ಗೊತ್ತಿದೆ.

ಅಂದಿನಿಂದ ನಮ್ಮಲ್ಲಿ ಕಿವಿಪಾಳಿ ಎಂಬ ಪದ್ಧತಿ ಇದೆ. ಸಮಿತಿ ಹೋಗಿ ಐದು ಜನ ಶಾಲಾಪಂಚರು ಬಂದಿದ್ದಾರೆ. ಯಾವುದೇ ಮನೆಯವರು ಮಗುವನ್ನು ಬಿಡಿಸಿದರೆ ಈ ಐವರೂ ಆ ಮನೆಗೆ ಹೋಗಿ ನೆಲದ ಮೇಲೆ ಕೂಡಬೇಕು. ಮನೆಯವರು ಮಾತಾಡುವಾಗ ಪಂಚರು ತುಟಿ ಬಿಚ್ಚುವಂತಿಲ್ಲ. ಹೂಂ ಅನ್ನುವಂತಿಲ್ಲ, ತಲೆ ಆಡಿಸುವಂತಿಲ್ಲ, ಅಣ್ಣ ತಮ್ಮ ಎಂಬ ನಂಟಸ್ತನ ಅಲ್ಲಿ ನಡೆಯುವುದಿಲ್ಲ. ಮಾತು ಮುಗಿದ ಮೇಲೆ ಕೊಟ್ಟ ಚಹಾ ಕುಡಿದು, "ಕೇಳಿಸ್ಕೊಂಡಿವಿ" ಎಂದಷ್ಟೇ ಹೇಳಿ ಎದ್ದು ಬರಬೇಕು. ಮಗುವನ್ನು ಬಿಡಿಸಬೇಡಿ ಎಂದು ಬೇಡಿಕೊಳ್ಳುವಂತೆಯೂ ಇಲ್ಲ.

ಈ ಪದ್ಧತಿಯಿಂದಲೇ ನಮ್ಮ ಶಾಲೆಗೆ ಹೆಸರು ಬಂತು, ಹೆಸರಿನಿಂದಲೇ ಕೇಡು ಬಂತು. ಎಲ್ಲೆಲ್ಲಿಂದಲೋ ಜನ ನೋಡಲು ಬರತೊಡಗಿದರು. ಬೇರೆ ಊರಿನ ಪಂಚರು, ಎಲ್ಲ ಶಾಲೆಗಳ ಮೇಲಿರುವ ನಾಡಮಂಡಳಿಯವರು, ಅವರ ಬೀಗರು. ಬಂದವರಿಗೆ ಮಕ್ಕಳು ಸಾಲಾಗಿ ನಿಂತು ಸ್ವಾಗತ ಗೀತೆ ಹಾಡಬೇಕು, ಹೂ ಕೊಡಬೇಕು, ಚಪ್ಪಾಳೆ ತಟ್ಟಬೇಕು. ಮುಖ್ಯಪಂಚಳಾದ ನಾನೇ ಎಲ್ಲರನ್ನೂ ಕರೆಯುತ್ತಿದ್ದೆ. ಹೊದಿಸಿದ ಶಾಲುಗಳು ನನ್ನ ಪೆಟ್ಟಿಗೆಯಲ್ಲಿ ತುಂಬಿವೆ. ಈ ಬಿಸಿಲಿನ ಊರಿನಲ್ಲಿ ಅವನ್ನು ಹೊದ್ದುಕೊಂಡು ಏನು ಮಾಡಬೇಕು ಎಂದು ನನ್ನ ಮಗ ಆಗಾಗ ಕೇಳುತ್ತಾನೆ.

ಹೋದ ವಾರ ನಮ್ಮ ಪಂಚರಲ್ಲಿ ಹಿರಿಯರಾದ ರಾಜೇಸಾಬರು ಮುಖ ಸಣ್ಣದು ಮಾಡಿಕೊಂಡು ಬಂದರು. "ಅಕ್ಕಾರ, ನಾಳೆ ಕಿವಿಪಾಳಿ ಐತ್ರಿ." ಯಾರ ಮನೆ ಎಂದೆ. "ನಿಮ್ಮ ಮನಿರೀ."

ನನ್ನ ಸೊಸೆ ದಾನಮ್ಮ ನನಗೆ ಒಂದು ಮಾತೂ ಹೇಳದೆ ಮೊಮ್ಮಗಳು ಸಾವಂತ್ರಿಯ ಟೀಸಿಗೆ ಅರ್ಜಿ ಹಾಕಿದ್ದಳು. ಒಂದೇ ಒಲೆಯ ಅಡುಗೆ ಉಣ್ಣುವ ಮನೆಯಲ್ಲಿ! ರಾತ್ರಿಯೆಲ್ಲ ಕುದ್ದೆ. ಮರುದಿನ ನನ್ನ ಮನೆಯ ಪಡಸಾಲೆಯಲ್ಲಿ, ನಾನೇ ಹಾಸಿದ ಜಮಖಾನೆಯ ಮೇಲೆ, ಉಳಿದ ನಾಲ್ವರ ಜೊತೆ ಚಕ್ಕಳಮಕ್ಕಳ ಹಾಕಿ ಕೂತೆ. ನನ್ನ ಮಗ ಜಾಣ, ಅವತ್ತು ಮನೆಯಲ್ಲೇ ಇರಲಿಲ್ಲ. ದಿನಾ ಅತ್ತೀ ಅತ್ತೀ ಎಂದು ಕರೆಯುವ ಹುಡುಗಿ ನನ್ನ ಮುಖ ನೋಡಿ, "ಪಂಚರ, ಕೇಳ್ರಿ" ಎಂದು ಸುರು ಮಾಡಿದಳು.

"ನನ್ನ ಮಗಳು ಈ ವರ್ಷ ಸ್ವಾಗತ ಗೀತೆ ಭಾಳ ಚಂದ ಕಲ್ತಾಳ. ನಿದ್ದಿಗಣ್ಣಾಗ ಎಬ್ಬಿಸಿದ್ರೂ ಹಾಡ್ತಾಳ. ಭಿನ್ನರಾಶಿ ಮಾತ್ರ ಬರೂದಿಲ್ಲ. ಅರ್ಧಕ್ಕ ಪಾವು ಕೂಡಿಸಿದ್ರ ಎಷ್ಟವ್ವಾ ಅಂದ್ರ, ಅದನ್ನ ಹೇಳಿಕೊಡೂ ದಿನ ಮಂದಿ ಬಂದಿದ್ರು ಅಂತಾಳ. ಮಾಸ್ತರರದ್ದು ತಪ್ಪಿಲ್ಲ. ಅವರು ಪಾಠ ಸುರು ಮಾಡಿದ ಕೂಡ್ಲೇ ಮೋಟಾರು ಬಂದು ನಿಂದ್ರತಾವ. ನಿಮಗ ಶಾಲಿ ನೋಡಾಕ ಬರೋರು ಮುಖ್ಯ ಆಗ್ಯಾರ, ಕಲಿಯಾಕ ಬರೋರಲ್ಲ. ದಿನ್ನಿ ಕೆಳಗಿನ ಶಾಲಿ ದೊಡ್ಡದೇನಲ್ಲ. ಆದ್ರ ಅದನ್ನ ನೋಡಾಕ ಯಾರೂ ಬರೂದಿಲ್ಲ. ಅದಕ್ಕ ಅಲ್ಲಿಗೆ ಕಳಸ್ತೀನಿ."

ನನ್ನ ಬಾಯಲ್ಲಿ ನೂರು ಉತ್ತರ ಇದ್ದವು. ಬಂದವರಿಂದಲೇ ಶಾಲೆಗೆ ಗ್ರಂಥಾಲಯ ಬಂತು ಎನ್ನಬೇಕಿತ್ತು. ಮನೆಯ ಮಾನ ಬೀದಿಗೆ ತಂದೆಯಲ್ಲೇ ಎನ್ನಬೇಕಿತ್ತು. ಪದ್ಧತಿ ನನ್ನ ಬಾಯಿ ಕಟ್ಟಿತ್ತು. ನಾನೇ ಎಷ್ಟೋ ಸಲ ಬೇರೆ ಪಂಚರನ್ನು, ಸದ್ದು ಮಾಡಬೇಡಿ ಎಂದು ಕಣ್ಣಲ್ಲೇ ಗದರಿದ್ದೆ. ಬಂದ ಮಾತನ್ನೆಲ್ಲ ಚಹಾದ ಜೊತೆ ನುಂಗಿದೆ, ನಾಲಿಗೆ ಸುಟ್ಟಿತು. ಉತ್ತರ ಕೊಡುವಂತಿಲ್ಲ ಎಂದಾಗ ಅವಳ ಮಾತು ನನ್ನೊಳಗೇ ಉಳಿಯಿತು. ಅವಳು ಹೇಳಿದ್ದು ನಿಜವಾಗಿತ್ತು. "ಕೇಳಿಸ್ಕೊಂಡಿವಿ" ಎಂದು ಹೇಳಿ ನನ್ನ ಮನೆಯಿಂದ ನಾನೇ ಎದ್ದು ಹೊರಗೆ ಹೋದೆ.

ಆ ಸಂಜೆಯೇ ಪಂಚರ ಸಭೆ ಕರೆದು, ಪಾಠದ ಹೊತ್ತಿನಲ್ಲಿ ಇನ್ನು ಮುಂದೆ ಯಾರಿಗೂ ಗೇಟು ತೆರೆಯಬಾರದು ಎಂದೆ. ಇವತ್ತು ನಾಡಮಂಡಳಿಯವರು ಹೊಸ ಸಭಾಂಗಣ ಮಂಜೂರು ಮಾಡಲು ಬರುವವರಿದ್ದರು. ಮೂವರು ನನಗೆ ತಲೆ ಕೆಟ್ಟಿದೆ ಎಂದರು. ರಾಜೇಸಾಬರು ಮಾತ್ರ ನನ್ನ ಕಡೆ ಕೈ ಎತ್ತಿದರು. ಸೋತೆವು. ಸೋತರೂ ಇವತ್ತು ಬೆಳಿಗ್ಗೆ ಮಕ್ಕಳೆಲ್ಲ ಒಳಗೆ ಹೋದ ಮೇಲೆ ಗೇಟಿನ ಚಿಲಕ ಹಾಕಿ ಹೊರಗೆ ನಿಂತೆ. ರಾಜೇಸಾಬರು ಮನೆಯಿಂದ ಎರಡು ಕುರ್ಚಿ ತಂದರು. ಮೋಟಾರುಗಳು ಬಂದವು, ಹಾರ ಹಿಡಿದವರು ಬಂದರು, ಮೂವರು ಪಂಚರು ಬೆವರು ಒರೆಸಿಕೊಂಡರು.

"ಮಕ್ಕಳು ಪಾಠದಾಗ ಅದಾರ. ಶಾಲಿ ಬಿಟ್ಟ ಮ್ಯಾಲೆ ಬರ್ರಿ. ಹಾಡು ಇರೂದಿಲ್ಲ, ಚಹಾ ಇರತೈತಿ," ಎಂದೆ.

"ನಾವು ಯಾರಂತ ಗೊತ್ತೈತೇನು?" ಎಂದರು ಅವರಲ್ಲಿ ದೊಡ್ಡವರು.

"ಗೊತ್ತೈತ್ರಿ. ಅದಕ್ಕ ಇಷ್ಟು ಮರ್ಯಾದಿಯಿಂದ ಹೇಳಾಕತ್ತೀನಿ."

ಆಗ ಒಳಗಿಂದ ಯಾವುದೋ ಮಗು ಭಿನ್ನರಾಶಿಯ ತಪ್ಪು ಉತ್ತರವನ್ನು ಎದೆ ತುಂಬ ಕೂಗಿ ಹೇಳಿತು. ಹತ್ತಾರು ಮಕ್ಕಳು ಅಲ್ಲ ಅಲ್ಲ ಎಂದು ಕಿರುಚಿದರು. ನನಗೆ ಬಹಳ ದಿನಗಳ ಮೇಲೆ ಸಂತೋಷವಾಯಿತು. ನಾಡಮಂಡಳಿಯವರು ಹಾರಗಳ ಸಮೇತ ದಿನ್ನೆ ಇಳಿದು ಹೋದರು. ಸಭಾಂಗಣವೂ ಅವರ ಹಿಂದೆಯೇ ಹೋಯಿತು. ಗುರುವಾರ ನನ್ನನ್ನು ಪಂಚರ ಸ್ಥಾನದಿಂದ ತೆಗೆಯುತ್ತಾರಂತೆ, ನೋಟೀಸು ಬಂದಿದೆ.

ಸಂಜೆ ಮನೆಗೆ ಬಂದಾಗ ಸಾವಂತ್ರಿ ಹೊಸ ಶಾಲೆಯ ಲೆಕ್ಕ ಮಾಡುತ್ತ ಕೂತಿದ್ದಳು. ನಾನು ಕಾಲು ತೊಳೆದುಕೊಂಡು, ಏನೂ ಆಗದವಳಂತೆ, ಇನ್ನಾದರೂ ಹುಡುಗಿಯನ್ನು ತಿರುಗಿ ನಮ್ಮ ಶಾಲೆಗೆ ಹಾಕುತ್ತೀಯಾ ಎಂದು ದಾನಮ್ಮನನ್ನು ಕೇಳಿದೆ. ನನಗೆ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಂದ್ ದಿನ ಗೇಟ್ ಹಾಕಿದ್ರ ಆತೇನ್ರೀ ಅತ್ತೀ? ಒಂದ್ ವರ್ಷ ಹಾಕಿ ತೋರಸ್ರಿ. ಆಮ್ಯಾಲೆ ಕೇಳ್ರಿ."

ತೋರಿಸುತ್ತೇನೆ. ಪದವಿ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂಡಲು ಯಾರ ಮಂಜೂರಾತಿಯೂ ಬೇಡ. ಮೊಮ್ಮಗಳು ಬರಲಿ, ಬಾರದಿರಲಿ, ಒಳಗಿರುವ ಮಕ್ಕಳ ಪಾಠವನ್ನು ಇನ್ನು ಯಾರ ಮೋಟಾರೂ ನಿಲ್ಲಿಸುವುದಿಲ್ಲ. ನಾನು ಸತ್ತರೆ ರಾಜೇಸಾಬರು ಕೂಡುತ್ತಾರೆ, ಅವರು ಈಗಲೇ ಒಪ್ಪಿದ್ದಾರೆ.

ಈಗ ನಿಮ್ಮ ಸರದಿ. ಮಕ್ಕಳು ಸರ್ಕಾರಿ ಶಾಲೆ ಬಿಡುತ್ತಿದ್ದಾರೆ ಎಂದು ನೀವು ಭಾಷಣ ಮಾಡುತ್ತೀರಿ, ತಾಯಿತಂದೆಯರಿಗೆ ಬುದ್ಧಿ ಇಲ್ಲ ಎನ್ನುತ್ತೀರಿ, ಹೋದವರನ್ನು ಬಿಟ್ಟು ಉಳಿದ ಎಲ್ಲರನ್ನೂ ಕಾರಣ ಕೇಳುತ್ತೀರಿ. ನಾಳೆ ನಿಮ್ಮ ಶಾಲೆಯಿಂದ ಒಬ್ಬ ತಾಯಿ ಟೀಸಿ ತೆಗೆದುಕೊಂಡು ಹೋಗುತ್ತಾಳೆ. ಅವಳ ಮನೆಗೆ ಹೋಗಿ. ಅವಳು ದುಡಿದು ಬರುವ ಹೊತ್ತಿಗೆ ಹೋಗಿ, ನಿಮಗೆ ಪುರಸೊತ್ತಾದಾಗ ಅಲ್ಲ. ನೆಲದ ಮೇಲೆ ಕೂಡಿ, ಬಾಯಿ ಮುಚ್ಚಿಕೊಂಡು ಕೂಡಿ. ಅವಳು ಬೈದರೆ ಬೈಸಿಕೊಳ್ಳಿ. ಚಹಾ ಕೊಟ್ಟರೆ ಕುಡಿಯಿರಿ, ಕೊಡದಿದ್ದರೆ ಕೊಡಲಿಲ್ಲ ಎಂದು ಊರೆಲ್ಲ ಹೇಳುತ್ತ ತಿರುಗಬೇಡಿ.

ಈ ಕಾಗದಕ್ಕೂ ಉತ್ತರ ಬರೆಯಬೇಡಿ. ನಿಮಗೆ ಉತ್ತರ ಕೊಡುವ ಚಟ ಮೊದಲೇ ಜಾಸ್ತಿ.

ನಿಂಬೆವ್ವ ತಳಗೇರಿ,
ಗುರುವಾರದವರೆಗೆ ಮುಖ್ಯಪಂಚಳು