ದ್ಯಾಮವ್ವನ ಬಾಗಿಲಿನ ಸುಳ್ಳು ಗೆರೆಗಳು

ಗಜೇಂದ್ರಗಡ,
ಫೆಬ್ರವರಿ ೩೦, ೨೨೪೧

ಇದೇ ಓಣಿಯಲ್ಲಿ ಇನ್ನೂರು ವರ್ಷ ಹಿಂದೆ ಬಾಳುತ್ತಿರುವ ಹಿರಿಯರಿಗೆ,

ತಾರೀಕು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತುಗಳೂ ಬದಲಾಗಿವೆ, ಮನ್ನಿಸಿ. ನೀವು ಖಿನ್ನತೆ ಎನ್ನುವುದನ್ನು ನಾವು ಮಬ್ಬು ಎನ್ನುತ್ತೇವೆ. ನಾನು ಕಳಕಪ್ಪ, ಈ ಓಣಿಯ ವಿಚಾರಿಗ. ದಿನಾ ಬೆಳಿಗ್ಗೆ ನಲವತ್ತು ಮನೆಗಳ ಮುಂದೆ ನಿಂತು, ನಿದ್ದೆ ಬಂತೇ, ಊಟ ರುಚಿಸಿತೇ, ಯಾರೊಡನಾದರೂ ಮಾತಾಡಬೇಕೆನಿಸಿತೇ ಎಂದು ಕೇಳಿ, ಕೇಳಿದ್ದಕ್ಕೆ ಗುರುತಾಗಿ ಬಾಗಿಲ ಮೇಲೆ ಸುಣ್ಣದ ಗೆರೆ ಎಳೆಯುವುದು ನನ್ನ ಕೆಲಸ. ಎರಡು ವಾರ ಇಲ್ಲವೆಂದವರನ್ನು ವೈದ್ಯರ ಬಳಿ ಕರೆದೊಯ್ಯುತ್ತೇನೆ. ಜೊತೆಗೆ ಚಿಟಿಕೆಗೆಲಸ ಹೇಳಿಕೊಡುತ್ತೇನೆ, ಅಂದರೆ ಕೈಲಾಗುವಷ್ಟೇ ಸಣ್ಣ ಕೆಲಸ. ಪಾತ್ರೆಯ ರಾಶಿ ತೊಳೆಯಲಾಗದಿದ್ದರೆ ಒಂದು ಲೋಟ ತೊಳೆಯಿರಿ. ಗುಡ್ಡ ಹತ್ತಲಾಗದಿದ್ದರೆ ಕಟ್ಟೆಯವರೆಗೆ ಬಂದು ಎಳೆಬಿಸಿಲಲ್ಲಿ ಕೂತುಕೊಳ್ಳಿ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ದೀಪಾವಳಿಯಿಂದ ನನಗೇ ಮಬ್ಬು. ರೊಟ್ಟಿ ಬಾಯಲ್ಲಿ ಮಣ್ಣಾಗುತ್ತಿತ್ತು. ಸ್ನಾನ ಬಿಟ್ಟು ಅಂಗಿ ಮಾತ್ರ ಬದಲಿಸಿ ಹೊರಡುತ್ತಿದ್ದೆ. ಲಕ್ಷಣಗಳೆಲ್ಲ ಬಾಯಿಪಾಠವಿದ್ದ ನಾನು ಇದನ್ನು ದಣಿವು ಎಂದುಕೊಂಡೆ. ಅಲ್ಲ, ಇದೂ ಸುಳ್ಳು. ಗೊತ್ತಿತ್ತು. ವಿಚಾರಿಗನಿಗೇ ಮಬ್ಬೆಂದರೆ ಜನ ಆಡಿಕೊಂಡಾರೆಂದು ಮುಚ್ಚಿಟ್ಟೆ.

ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ದ್ಯಾಮವ್ವ ಒಂದು ದಿನ, "ದಿನಾ ನಮ್ಮನ್ನ ಕೇಳ್ತಿ, ನಿನ್ನ ಯಾರ್ ಕೇಳ್ತಾರೋ ತಮ್ಮಾ? ಮಾರಿ ಯಾಕ ಹಿಂಗ ಬಾಡೇತಿ?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ನಕ್ಕು ಹಾರಿಸಿದೆ. ಮರುದಿನದಿಂದ ಅವಳನ್ನು ಕರೆಯಲೇ ಇಲ್ಲ. ಸದ್ದಿಲ್ಲದೆ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ.

ಹೀಗೆ ಹನ್ನೊಂದು ದಿನ. ಆಮೇಲೆ ಅವಳ ಮಗಳು ರೋಣದಿಂದ ಬಂದು ನೋಡಿದರೆ, ನಾಲ್ಕು ದಿನದಿಂದ ಒಲೆ ಹಚ್ಚಿಲ್ಲ, ದ್ಯಾಮವ್ವ ಗೋಡೆಗೆ ಮುಖಮಾಡಿ ಮಲಗಿದ್ದಾಳೆ. ಆಸ್ಪತ್ರೆಗೆ ಸೇರಿಸಿದರು, ಜೀವ ಉಳಿಯಿತು. ಆ ಮಗಳು ಬಾಗಿಲ ಮೇಲಿನ ಗೆರೆಗಳನ್ನು ಎಣಿಸಿ ನನಗೆ ಕೈಮುಗಿದಳು. "ನೀವಾದ್ರೂ ದಿನಾ ವಿಚಾರಿಸೀರಿ, ಅಣ್ಣಾರ. ನಾ ಬರಲಿಲ್ಲ," ಎಂದು ಅತ್ತಳು. ಆ ತಪ್ಪನ್ನು ಅವಳೇ ಹೊತ್ತುಕೊಳ್ಳಲೆಂದು ನಾನು ಸುಮ್ಮನೆ ನಿಂತಿದ್ದೆ. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ನಾಳೆ ಆಸ್ಪತ್ರೆಗೆ ಹೋಗಿ ತಾಯಿ ಮಗಳಿಬ್ಬರಿಗೂ ನಿಜ ಹೇಳುತ್ತೇನೆ. ಅಲ್ಲೇ ವೈದ್ಯರ ಮುಂದೆ ನಾನೂ ಕೂರುತ್ತೇನೆ. ಅವರ ಮುಂದೆ ಬಾಯಿ ಬಿಡಲು ಇನ್ನೂ ಅಂಜಿಕೆ, ಅದಕ್ಕೇ ಎದುರು ನಿಂತು ನನ್ನ ಮುಖ ನೋಡಲಾರದ ನಿಮಗೆ ಮೊದಲು ಬರೆದೆ.

ನೀವು ನನಗಿಂತ ಇನ್ನೂರು ವರ್ಷ ಮುಂಚಿನವರು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ, ದಯವಿಟ್ಟು ನನಗಿಂತ ಮುಂಚೆ ಹೇಳಿಬಿಡಿ.

ತಲೆತಗ್ಗಿಸಿ,
ಕಳಕಪ್ಪ