ಹತ್ತೊಂಬತ್ತನೆಯ ಅಧ್ಯಾಯದ ಮಗು

ಸಲಾತಿಗಾ, ಜಾವಾ
ಮಾರ್ಚ್ 14, ಗುರುವಾರ

ಪ್ರೀತಿಯ ವೆನಿಂಗ್ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಜಕಾರ್ತಾದಲ್ಲಿ ಈಗಲೂ ಕಾಫಿ, ಕರಿದ ತೋಫು ಇಷ್ಟರಲ್ಲೇ ದಿನ ದೂಡುತ್ತೀಯಾ? ಹೊತ್ತಿಗೆ ಸರಿಯಾಗಿ ಅನ್ನ ಉಣ್ಣು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗು ನಿದ್ದೆಯಲ್ಲಿದೆ, ನನಗೆ ನಿದ್ದೆ ಹತ್ತುವುದಿಲ್ಲ. ಅವನ ಎದೆ ಏರಿಳಿಯುವುದನ್ನು ನೋಡುತ್ತ ಕೂರುವುದೇ ಅಭ್ಯಾಸವಾಗಿಬಿಟ್ಟಿದೆ. ಅಕ್ಷರ ಸೊಟ್ಟಗಾದರೆ ಬೈಯಬೇಡ.

ನಿನ್ನ ಕಾದಂಬರಿಯ ಎರಡನೆಯ ಸಂಪುಟ ತಲುಪಿತು, ಓದಿಯೂ ಆಯಿತು. ಮುಚ್ಚುಮರೆಯಿಲ್ಲದೆ ಹೇಳು ಎಂದು ಬರೆದಿದ್ದೆಯಲ್ಲ, ಹೇಳುತ್ತೇನೆ. ಮೊದಲರ್ಧದಲ್ಲಿ ಎಲ್ಲರೂ ನಡೆಯುತ್ತಲೇ ಇದ್ದಾರೆ. ಕಾಡು ದಾಟಿದರು, ಸಭೆ ಸೇರಿದರು, ಆಣೆ ಇಟ್ಟರು, ಮತ್ತೆ ನಡೆದರು. ಕುದುರೆಗಳಿಗೇ ಬೇಸರ ಬಂದಿದೆ ಅಕ್ಕಾ, ಓದುವವರ ಗತಿಯೇನು? ನೆಂಟರು ಬಂದಾಗ ತೆಗೆಯೋಣವೆಂದು ಒಳ್ಳೆಯ ಪಿಂಗಾಣಿ ಬಚ್ಚಿಡುವ ಹಾಗೆ ಯುದ್ಧವನ್ನೆಲ್ಲ ಮೂರನೆಯದಕ್ಕೆ ಎತ್ತಿಟ್ಟಿದ್ದೀಯ. ಕಡಲರಾಣಿ ಮಾತ್ರ ಚೆನ್ನಾಗಿ ಬಂದಿದ್ದಾಳೆ. ಮೊದಲ ಸಂಪುಟದಲ್ಲಿ ಅವಳನ್ನು ಕಂಡರೆ ಹೆದರಿಕೆಯಿತ್ತು, ಇದರಲ್ಲಿ ಕನಿಕರ ಬಂತು. ಹತ್ತೊಂಬತ್ತನೆಯ ಅಧ್ಯಾಯ ಇಲ್ಲದಿದ್ದರೆ ಇಷ್ಟು ಹೇಳಿ ನಿಲ್ಲಿಸುತ್ತಿದ್ದೆ.

ಮೊದಲ ಸಂಪುಟದ ಕೊನೆಯ ಪುಟದಲ್ಲಿ ನಿನ್ನ ರಾಜಕುಮಾರ ಹುಟ್ಟಿದಾಗ ನಾನು ತುಂಬಿದ ಬಸುರಿ. ಅವನ ಹೆಸರನ್ನೇ ನನ್ನ ಮಗನಿಗೂ ಇಟ್ಟೆ: ಜಗದ್ ಸಮುದ್ರ. ಫೋನಿನಲ್ಲಿ ಕೇಳಿ ನೀನು ಖುಷಿಗೆ ಕೂಗಿಕೊಂಡಿದ್ದೆ. ಮಗು ಮೇಲಿಂದ ಮೇಲೆ ಉಬ್ಬಸಕ್ಕೆ ಬೀಳತೊಡಗಿದಾಗ ನಮ್ಮತ್ತೆ, “ಲೋಕಾನೂ ಕಡಲನ್ನೂ ಒಟ್ಟಿಗೆ ಹೊರಿಸಿದೀಯಲ್ಲೇ ಹುಡುಗಿ, ಆ ಗೇಣುದ್ದದ ಎದೆ ಎಷ್ಟೂಂತ ತಡಕೊಳ್ಳುತ್ತೆ? ಹೆಸರು ಭಾರ ಆಯ್ತು, ಇಳಿಸು” ಅಂದರು. ಕಾಲೇಜು ಓದಿದವಳು ನಾನು, ನಕ್ಕೆ.

ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ನೀನು ಸಿಕ್ಕಿದ ಬಸ್ಸು ಹಿಡಿದು ಓಡಿ ಬಂದೆ. ಅವನ ಎದೆಗೆ ಕಿವಿಯಿಟ್ಟು, “ಈ ಸಿಳ್ಳೆ ಯಾವ ಥರ ಇದೆ ಹೇಳೇ? ನೀರು ಕಾಯೋ ಕೆಟಲ್ ಥರಾನಾ, ಸೀಳಿದ ಕೊಳಲಿನ ಥರಾನಾ?” ಎಂದೆ. ಡಾಕ್ಟರಿಗೆ ಹೇಳಲು ಕೇಳುತ್ತಿದ್ದೀಯ ಅಂದುಕೊಂಡು ನಾನು ಕಣ್ಣು ಮುಚ್ಚಿ ಆಲಿಸಿ, “ಸೀಳಿದ ಕೊಳಲು” ಅಂದೆ. ನಿನ್ನ ಪುಸ್ತಕದಲ್ಲೂ ಸೀಳಿದ ಕೊಳಲೇ. ತುಟಿಯ ನೀಲಿ, ನನ್ನ ಬೆರಳು ಹಿಡಿದ ಮುಷ್ಟಿ, ಜೋಗುಳದ ನಡುವೆ ನನಗೆ ಸಾಲು ಮರೆತುಹೋದದ್ದು, ಎಲ್ಲ ಇದೆ. ನನ್ನ ಮಗು ಬದುಕಿ ಮನೆಗೆ ಬಂದದ್ದೊಂದು ಇಲ್ಲ. ನಿನ್ನ ಜಗದ್ ಸಮುದ್ರ ಆ ಅಧ್ಯಾಯದ ಕೊನೆಯ ಸಾಲಿನಲ್ಲಿ ಸಾಯುತ್ತಾನೆ. ನೀನು ಇದುವರೆಗೆ ಬರೆದದ್ದರಲ್ಲಿ ಇದಕ್ಕೆ ಸಾಟಿಯಿಲ್ಲ ಅಕ್ಕಾ, ಅದೇ ನನ್ನ ದೂರು. ನಿಂತಲ್ಲೇ ನಿಂತು ಓದಿ ಬಿಕ್ಕುತ್ತಿದ್ದೆ. ಯಾರಿಗಾಗಿ ಅಳುತ್ತಿದ್ದೇನೆಂದು ಹೊಳೆದದ್ದೇ ತೊಟ್ಟಿಲಿಗೆ ಓಡಿದೆ. ನಮ್ಮವರು, ಸೆನೊ, “ಕಥೆ ಕಣೇ ಅದು. ಹೆಸರು ಒಂದೇ ಅಂತ ಉಸಿರೂ ಒಂದೇನಾ?” ಎಂದು ನಕ್ಕರು, ನಗುತ್ತಲೇ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದರು. ಇನ್ನು ಆ ಅರ್ಪಣೆಯ ಪುಟ: ‘ತನ್ನ ಉಸಿರನ್ನು ಕೊಟ್ಟ ಪುಟ್ಟ ಜಗದ್‌ಗೆ’. ಕೊಟ್ಟನೇ? ಯಾವಾಗ ಕೇಳಿದೆ?

ಒಲೆ ಹಚ್ಚಿ ಎಂದು ಅತ್ತೆಗೆ ನಾನೇ ಹೇಳಿದೆ. ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ ಮಾಡಿ, ನೆರೆಹೊರೆಯವರನ್ನು ಕರೆದು, ಹಳೆಯ ಹೆಸರು ತೆಗೆದು ಹೊಸದಿಟ್ಟೆವು. ಕುದಿಯುವ ಪಾತ್ರೆ ಇಳಿಸಲು ಅತ್ತೆ ಏನಾದರೂ ದಪ್ಪನೆಯದು ಕೊಡು ಅಂದರು. ನಿನ್ನ ಸಂಪುಟ ಕೈಗೆ ಸಿಕ್ಕಿತು. ಅವರನ್ನೆಲ್ಲ ಅಷ್ಟು ನಡೆಸಿ ಪುಸ್ತಕ ದಪ್ಪ ಮಾಡಿದ್ದು ಒಳ್ಳೆಯದೇ ಆಯಿತು, ಮೇಜು ಸುಡಲಿಲ್ಲ. ಆಮೇಲೆ ಮಗುವಿಗೆ ಸಿಳ್ಳೆ ಬಂದಿಲ್ಲ. ಗಂಜಿಯಿಂದಲೇ ಎಂದು ನಾನು ಹೇಳುವುದಿಲ್ಲ, ಔಷಧಿಯನ್ನೂ ಬದಲಾಯಿಸಿದ್ದಾರೆ.

ದೇವರು ನಿನ್ನ ಕೈಗೆ ಇನ್ನಷ್ಟು ಕಸುವು ಕೊಡಲಿ, ಕಣ್ಣಿಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ. ಅತ್ತೆ ನಿನ್ನನ್ನು ಕೇಳಿದರು.

ನಿನ್ನ ತಂಗಿ,
ತ್ಯಾಸ್

ಮರೆತಿದ್ದೆ: ಮೂರನೆಯ ಸಂಪುಟದಲ್ಲಿ ನಿನ್ನ ರಾಜಕುಮಾರನನ್ನು ಬದುಕಿಸುತ್ತೀಯಂತೆ. ಬದುಕಿಸು, ಓದುತ್ತೇನೆ. ಆ ಹೆಸರು ಇನ್ನು ಪೂರ್ತಿ ನಿನ್ನದೇ. ಹೊಸ ಹೆಸರನ್ನು ನಿನಗೆ ತಿಳಿಸಬಾರದೆಂದು ಅಮ್ಮನಿಂದಲೂ ಆಣೆ ಹಾಕಿಸಿಕೊಂಡಿದ್ದೇನೆ. ರಂಜಾನ್ ಹಬ್ಬಕ್ಕೆ ಬಾ. ನಿನ್ನೆದುರು ಎಲ್ಲರೂ ಮಗುವನ್ನು ‘ಪಾಪೂ’ ಎಂದೇ ಕರೆಯುತ್ತೇವೆ. ನೀನೂ ಹಾಗೇ ಕರೆ.